ಬೆಂಗಳೂರು ಎಷ್ಟು ಗಂಟೆ ದೂರ?

ಕಳೆದ ವರ್ಷ ಬೇಸಿಗೆ ರಜೆಗೆ ಮುಂಚೆ ನಮ್ಮ ಕನ್ನಡ ತರಗತಿಯಲ್ಲಿ ಬಿಟ್ಟ ಸ್ಥಳ ತುಂಬುವ ಒಂದು ಅಭ್ಯಾಸ ಕೊಟ್ಟಿದ್ದೆವು. ಅದರಲ್ಲಿ ಒಂದು ವಾಕ್ಯ ಹೀಗಿತ್ತು: "ನನ್ನ ಅಜ್ಜಿಯ ಊರು ಇಲ್ಲಿಂದ ........ ದೂರದಲ್ಲಿದೆ." ದೊಡ್ಡ ಸಂಖ್ಯೆಗಳನ್ನು ಮಕ್ಕಳು ಅಕ್ಷರದಲ್ಲಿ ಬರೆಯಬಲ್ಲರೇ ಎಂದು ತಿಳಿಯುವುದಷ್ಟೇ ನಮ್ಮ ಉದ್ದೇಶ. ಹನ್ನೊಂದು ಮಕ್ಕಳಲ್ಲಿ ಒಬ್ಬರಾದರೂ ಮೈಲಿಯಲ್ಲಾಗಲಿ ಕಿಲೋಮೀಟರಿನಲ್ಲಾಗಲಿ ಉತ್ತರ ಬರೆಯಲಿಲ್ಲ! ಕೆಲವರು "ಹದಿನಾರು ಗಂಟೆ" ಎಂದು ಬರೆದರು. ಇಬ್ಬರು "ಎರಡು ವಿಮಾನ" ಎಂದರು. ಒಬ್ಬಳು "ಐದು ಸಿನಿಮಾ ಮತ್ತು ಒಂದು ನಿದ್ದೆ" ಎಂದು ಬರೆದಿದ್ದಳು. ಅವಳಿಗೆ ಪೂರ್ತಿ ಅಂಕ ಕೊಟ್ಟೆವು. ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕವನು ಮಾತ್ರ "ತುಂಬಾ, ಅದಕ್ಕೇ ನಾವು ಹೋಗಲ್ಲ" ಎಂದು ಬರೆದು ಪುಸ್ತಕ ಮುಚ್ಚಿಟ್ಟ.

ವ್ಯಾಕರಣದ ದೃಷ್ಟಿಯಿಂದ ಆ ವಾಕ್ಯದಲ್ಲಿ ತಪ್ಪಿಲ್ಲ. ಆದರೆ ಅದು ಮಗುವಿನ ಮಾತಲ್ಲ, ಮನೆಯಲ್ಲಿ ಕೇಳಿದ ಮಾತು. ನಾವೂ ನಮ್ಮ ನಮ್ಮ ಮನೆಗಳಲ್ಲಿ ಆಡಿದ ಮಾತೇ. ಹಾಗಾದರೆ ನಿಜವಾಗಿ ಎಷ್ಟು ದೂರ? ಮುಂದಿನ ಭಾನುವಾರ ವರ್ಣಮಾಲೆಯನ್ನು ಬದಿಗಿಟ್ಟು ಅಳೆದೇಬಿಡೋಣವೆಂದು ಹನ್ನೆರಡು ಇಂಚಿನ ಒಂದು ಭೂಗೋಳ ಮತ್ತು ಹೂ ಕಟ್ಟುವ ದಾರ ತಂದೆವು.

ಗೋಡೆಯ ನಕ್ಷೆ ನೋಡಿದ ಮಕ್ಕಳು ದಾರವನ್ನು ವಾಷಿಂಗ್ಟನ್ನಿನಿಂದ ನೇರ ಬಲಕ್ಕೆ, ಅಟ್ಲಾಂಟಿಕ್, ಸ್ಪೇನ್, ಅರೇಬಿಯಾ ಎಂದು ಎಳೆಯುತ್ತಾರೆ. ಆದರೆ ಭೂಗೋಳದ ಮೇಲೆ ಎರಡೂ ತುದಿ ಹಿಡಿದು ದಾರವನ್ನು ಬಿಗಿ ಮಾಡಿದೊಡನೆ ಅದು ತಾನಾಗಿ ಮೇಲಕ್ಕೆ ಜಾರುತ್ತದೆ. ಡಲಸ್ ವಿಮಾನ ನಿಲ್ದಾಣದಿಂದ ಹೊರಟ ದಾರ ಈಶಾನ್ಯಕ್ಕೆ ಏರಿ, ಗ್ರೀನ್‌ಲ್ಯಾಂಡಿನ ದಕ್ಷಿಣ ಭಾಗವನ್ನು ದಾಟಿ, ಐಸ್‌ಲ್ಯಾಂಡಿಗೂ ಉತ್ತರದಲ್ಲಿ ಹಾದು, ಫಿನ್‌ಲ್ಯಾಂಡ್, ರಷ್ಯಾ, ಅರಲ್ ಸಮುದ್ರದ ಸೀಮೆ, ಅಫ್ಘಾನಿಸ್ತಾನ, ಪಾಕಿಸ್ತಾನಗಳ ಮೇಲಿಂದ ಇಳಿದು ದೇವನಹಳ್ಳಿಗೆ ಬರುತ್ತದೆ. ಅಜ್ಜಿಯ ಮನೆಗೆ ಹೋಗುವ ಅತ್ಯಂತ ಹತ್ತಿರದ ದಾರಿ ಹಿಮಕರಡಿಗಳ ನಾಡಿನ ಮೇಲೆ ಹೋಗುತ್ತದೆ ಎಂದರೆ ಯಾವ ಮಗು ತಾನೇ ನಂಬೀತು? ಕಾರಣ ಸರಳ. ವಾಷಿಂಗ್ಟನ್ ಪಶ್ಚಿಮ ರೇಖಾಂಶ 77 ಡಿಗ್ರಿಯಲ್ಲಿದೆ. ಬೆಂಗಳೂರು ಪೂರ್ವ ರೇಖಾಂಶ 77 ಡಿಗ್ರಿ ದಾಟಿ ಅರ್ಧ ಡಿಗ್ರಿಯ ಮೇಲಿದೆ. ಒಂದು ಊರು ಭೂಮಿಯ ಈ ಮಗ್ಗುಲಿಗೆ, ಇನ್ನೊಂದು ಹೆಚ್ಚುಕಡಿಮೆ ಆ ಮಗ್ಗುಲಿಗೆ. ಹಾಗಿರುವಾಗ ಹೊಟ್ಟೆಯನ್ನು ಸುತ್ತಿ ಬರುವುದಕ್ಕಿಂತ ನೆತ್ತಿಯ ಬಳಿ ದಾಟುವುದೇ ಹತ್ತಿರ.

ದಾರ ಮೂವತ್ತೆರಡೂವರೆ ಸೆಂಟಿಮೀಟರ್ ಬಂತು. ಭೂಗೋಳದ ಸುತ್ತಳತೆ 96 ಸೆಂಟಿಮೀಟರ್, ನಿಜವಾದ ಭೂಮಿಯದು ಸುಮಾರು 40,000 ಕಿಲೋಮೀಟರ್. ದೊಡ್ಡ ಮಕ್ಕಳು ಗುಣಿಸಿ ಭಾಗಿಸಿ 13,500 ಕಿ.ಮೀ. ಎಂದರು. ಲೆಕ್ಕ ಹಾಕಿ ನೋಡಿದರೆ ಸರಿಯಾದ ಉತ್ತರ ಸುಮಾರು 13,700 ಕಿ.ಮೀ., ಅಂದರೆ 8,500 ಮೈಲಿ. ಪಕ್ಕದ ಗ್ರೀನ್‌ಬೆಲ್ಟಿನಲ್ಲಿರುವ ನಾಸಾದ ಗಾಡರ್ಡ್ ಕೇಂದ್ರದ ವಿಜ್ಞಾನಿಗಳು ನಗಬಹುದು, ಆದರೆ ಹೂವಿನ ದಾರಕ್ಕೆ ಇಷ್ಟು ನಿಖರತೆ ಸಾಲದೇ! ವಿಮಾನ ಗಂಟೆಗೆ 900 ಕಿ.ಮೀ. ಹಾರಿದರೆ ಹದಿನೈದು ಗಂಟೆ ಚಿಲ್ಲರೆ. ಮಕ್ಕಳು ಬರೆದ "ಹದಿನಾರು ಗಂಟೆ"ಗೆ ಇದು ಬಹಳ ಹತ್ತಿರ.

ಆದರೆ ಡಲಸ್‌ನಿಂದ ಬೆಂಗಳೂರಿಗೆ ಆ ದಾರದ ಮೇಲೆ ನೇರ ಹಾರುವ ವಿಮಾನವಿಲ್ಲ. ಎಲ್ಲಾದರೂ ಇಳಿದು ಹತ್ತಬೇಕು. ಇಲ್ಲಿಯೇ ನಮಗೊಂದು ಆಶ್ಚರ್ಯ ಕಾದಿತ್ತು. ಫ್ರಾಂಕ್‌ಫರ್ಟ್ ಮೂಲಕ ಹೋದರೆ ಒಟ್ಟು ದೂರ ಸುಮಾರು 13,950 ಕಿ.ಮೀ. ನೇರ ದಾರಿಗಿಂತ ಮುನ್ನೂರು ಕಿ.ಮೀ. ಕೂಡ ಹೆಚ್ಚಿಲ್ಲ! ದೋಹಾ ಮೂಲಕವಾದರೆ ಐನೂರು ಕಿ.ಮೀ. ಹೆಚ್ಚು. ದೆಹಲಿಯ ಮೂಲಕವಾದರೆ ಬರೀ ನೂರು. ಆಕಾಶದಲ್ಲಿ ನೂರು ಕಿ.ಮೀ. ಎಂದರೆ ಏಳು ನಿಮಿಷ, ಐನೂರು ಎಂದರೆ ಅರ್ಧ ಗಂಟೆಯ ಮೇಲೆ ಸ್ವಲ್ಪ. ಹಾಗಾದರೆ ನಮ್ಮ ಪ್ರಯಾಣಗಳು ಇಪ್ಪತ್ತೆರಡು, ಇಪ್ಪತ್ತಾರು, ಮೂವತ್ತು ಗಂಟೆ ಆಗುವುದೇಕೆ? ಹಾರುವುದರಿಂದಲ್ಲ, ಕಾಯುವುದರಿಂದ. ಇದನ್ನು ಮಕ್ಕಳಿಗೆ ಹೇಳಿಕೊಡುವಾಗ ನಮಗೂ ಮೊದಲ ಬಾರಿಗೆ ಸ್ಪಷ್ಟವಾಯಿತು.

ಲ್ಯಾನ್‌ಹ್ಯಾಮಿನ ಮನೆಯಿಂದ ಜಯನಗರದ ಮನೆಯವರೆಗಿನ ಲೆಕ್ಕ ಹಾಕಿ ನೋಡಿ. ಬೆಲ್ಟ್‌ವೇ ಹಿಡಿದು ಡಲಸ್ ತಲುಪಲು ಒಂದು ಗಂಟೆ, ಸಂಜೆಯ ದಟ್ಟಣೆಯಲ್ಲಿ ಎರಡು. (2025ರ ಜೂನ್‌ನಿಂದ ಸಿಲ್ವರ್ ಲೈನಿನ ಕೆಲವು ಗಾಡಿಗಳು ನ್ಯೂ ಕ್ಯಾರೊಲ್‌ಟನ್ನಿನಿಂದಲೇ ಡಲಸ್ ಕಡೆಗೆ ಹೋಗುತ್ತಿವೆ. ಆದರೆ ತಲಾ ಎರಡು ಪೆಟ್ಟಿಗೆ ಹಿಡಿದು ಮೆಟ್ರೋ ಹತ್ತುವ ಕನ್ನಡಿಗರನ್ನು ನಾವಿನ್ನೂ ನೋಡಿಲ್ಲ.) ಮೂರು ಗಂಟೆ ಮೊದಲೇ ಹಾಜರಿರಬೇಕು. ಎರಡು ಹಾರಾಟ, ನಡುವೆ ಕಾಯುವಿಕೆ ಸೇರಿ ಇಪ್ಪತ್ತು ಗಂಟೆ. ನಡುರಾತ್ರಿಯ ಮೇಲೆ ಬೆಂಗಳೂರಿನಲ್ಲಿ ಇಳಿದು, ಪಾಸ್‌ಪೋರ್ಟಿನ ಸಾಲು, ಪೆಟ್ಟಿಗೆಯ ಬೆಲ್ಟು ಮುಗಿಸಲು ಒಂದೂವರೆ ಗಂಟೆ. ಅಲ್ಲಿಂದ ಊರೊಳಗೆ ಮತ್ತೊಂದೂವರೆ. ಇಪ್ಪತ್ತೇಳೋ ಇಪ್ಪತ್ತೆಂಟೋ ಆಯಿತು. ಮೈಸೂರಿನವರು ಫ್ಲೈಬಸ್ ಹತ್ತಬೇಕು, ಶಿವಮೊಗ್ಗದವರು, ಧಾರವಾಡದವರು ಅರ್ಧ ದಿನ ಸೇರಿಸಿಕೊಳ್ಳಬೇಕು. ಟಿಕೆಟಿನ ಮೇಲೆ ಅಚ್ಚಾದ ಗಂಟೆಗಳಿಗೂ ಸೊಂಟಕ್ಕೆ ತಿಳಿಯುವ ಗಂಟೆಗಳಿಗೂ ಇಷ್ಟು ಅಂತರ.

ಹಿಂದಿನವರನ್ನು ನೆನೆದರೆ ನಾವು ಗೊಣಗಬಾರದು ನಿಜ. ವಿವೇಕಾನಂದರು 1893ರ ಮೇ 31ರಂದು ಮುಂಬಯಿಯಲ್ಲಿ ಹಡಗು ಹತ್ತಿ, ಜಪಾನ್, ವ್ಯಾಂಕೂವರ್ ಸುತ್ತಿ, ರೈಲಿನಲ್ಲಿ ಶಿಕಾಗೋ ಮುಟ್ಟಿದ್ದು ಜುಲೈ 30ಕ್ಕೆ. ಮೈಸೂರಿನ ಎ. ಕೆ. ರಾಮಾನುಜನ್ ಅವರು 1959ರಲ್ಲಿ ಅಮೆರಿಕಕ್ಕೆ ಹೊರಟಿದ್ದೂ ಹಡಗಿನಲ್ಲಿಯೇ. ಆಮೇಲೆ ವಿಮಾನಗಳ ಕಾಲ ಬಂತು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಇಲ್ಲಿಗೆ ಬಂದು ಹೋಗಿ ಬರೆದ 'ಅಮೆರಿಕಾದಲ್ಲಿ ಗೊರೂರು' ಪುಸ್ತಕಕ್ಕೆ 1980ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮನೆಯಲ್ಲಿ ಇದ್ದರೆ ತಾತ ಅಜ್ಜಿಯರಿಂದ ಓದಿಸಿ ಕೇಳಿ, ಮಕ್ಕಳೇ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ತೆರೆಯಿತು. 2021ರ ಜನವರಿಯಲ್ಲಿ ಏರ್ ಇಂಡಿಯಾದ ಕ್ಯಾಪ್ಟನ್ ಝೋಯಾ ಅಗರ್‌ವಾಲ್ ಮತ್ತು ಅವರ ಜೊತೆಯ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾರಿ ಎಲ್ಲೂ ಇಳಿಯದೆ ಬೆಂಗಳೂರು ಮುಟ್ಟಿದರು. ಸುಮಾರು 14,000 ಕಿ.ಮೀ., ಹದಿನೇಳು ಗಂಟೆ. ಅಂದರೆ ನಮ್ಮ ದಾರಕ್ಕಿಂತಲೂ ಉದ್ದದ ದಾರಿ. ಯಂತ್ರಕ್ಕೆ ಸಾಧ್ಯವಿಲ್ಲ ಎನ್ನುವಂತಿಲ್ಲ.

ಆದರೆ ಆಕಾಶವೂ ಒಂದೇ ತರಹ ಇರುವುದಿಲ್ಲ. ಏರ್ ಇಂಡಿಯಾ 2017ರ ಜುಲೈನಲ್ಲಿ ದೆಹಲಿಯಿಂದ ಡಲಸ್‌ಗೆ ನೇರ ವಿಮಾನ ಆರಂಭಿಸಿದಾಗ ನಮ್ಮಲ್ಲಿ ಎಷ್ಟೋ ಮನೆಯ ಹಿರಿಯರಿಗೆ ಅದು ವರದಾನವಾಗಿತ್ತು. ದೆಹಲಿಯಲ್ಲಿ ಹಿಂದಿಯಲ್ಲಾದರೂ ಕೇಳಬಹುದು ಎಂಬ ಧೈರ್ಯ. 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾದ ಮೇಲೆ ಅಮೆರಿಕದ ವಿಮಾನಗಳು ರಷ್ಯಾದ ಮೇಲೆ ಹಾರುವುದು ನಿಂತಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ದೆಹಲಿಯಿಂದ ಹೊರಟ ವಿಮಾನ ಬಳಸುದಾರಿ ಹಿಡಿದು, ಇಂಧನಕ್ಕಾಗಿ ವಿಯೆನ್ನಾದಲ್ಲಿ ಇಳಿದು ಬರತೊಡಗಿತು. ಕೊನೆಗೆ, ದುರಸ್ತಿಗೆ ಹೋದ ವಿಮಾನಗಳ ಕೊರತೆಯನ್ನೂ ಮುಚ್ಚಿದ ಆಕಾಶವನ್ನೂ ಕಾರಣವಾಗಿ ಹೇಳಿ, 2025ರ ಸೆಪ್ಟೆಂಬರ್ 1ರಿಂದ ಆ ಸೇವೆಯನ್ನೇ ನಿಲ್ಲಿಸಲಾಯಿತು. ಎಲ್ಲಿಯೋ ಯಾರೋ ಹೊಡೆದಾಡಿದರೆ ತುಮಕೂರಿನ ಅಜ್ಜಿಗೆ ಲ್ಯಾನ್‌ಹ್ಯಾಮ್ ಐದಾರು ಗಂಟೆ ದೂರವಾಗುತ್ತದೆ.

ಈಗ ನಾವು ಹೇಳಬೇಕೆಂದಿರುವ ವಿಷಯಕ್ಕೆ ಬರೋಣ. ನಾವು ದೂರವನ್ನು ಅಳೆಯುವುದು ನಮ್ಮ ಅನುಕೂಲದಿಂದ. ಅದನ್ನು ಕ್ರಮಿಸುವವರು ಮಾತ್ರ ಹೆಚ್ಚಾಗಿ ನಮ್ಮ ತಂದೆತಾಯಂದಿರು. ಕಂಪ್ಯೂಟರ್ ಮುಂದೆ ಕುಳಿತು ಟಿಕೆಟ್ ನೋಡುವಾಗ ನಮ್ಮ ಕಣ್ಣು ಮೊದಲು ಡಾಲರಿನ ಮೇಲೆ, ಆಮೇಲೆ ಒಟ್ಟು ಗಂಟೆಯ ಮೇಲೆ. ಎಷ್ಟು ಕಡೆ ಇಳಿಯಬೇಕು, ಇಳಿದಲ್ಲಿ ಎಷ್ಟು ನಡೆಯಬೇಕು, ಒಂದು ಕಟ್ಟಡದಿಂದ ಇನ್ನೊಂದಕ್ಕೆ ರೈಲು ಹತ್ತಬೇಕೇ, ಇವೆಲ್ಲ ಎಲ್ಲೋ ಕೊನೆಗೆ. ಒಂದು ಗಂಟೆ ಹತ್ತು ನಿಮಿಷದಲ್ಲಿ ವಿಮಾನ ಬದಲಿಸುವುದು ಮೂವತ್ತರ ನಮಗೆ ಸಾಹಸ. ಎಪ್ಪತ್ತು ದಾಟಿದವರಿಗೆ ಅದು ಎದೆಬಡಿತ.

ನಮ್ಮ ಪರಿಚಯದ ಒಂದು ಮನೆಯಲ್ಲಿ ನಡೆದದ್ದನ್ನು ಅವರ ಒಪ್ಪಿಗೆಯಿಂದ ಹೇಳುತ್ತಿದ್ದೇವೆ. ಇನ್ನೂರು ಡಾಲರ್ ಉಳಿಯುತ್ತದೆಂದು ಎರಡು ಕಡೆ ಇಳಿದು ಹತ್ತುವ ಟಿಕೆಟ್ ತೆಗೆದರು. ಅಜ್ಜಿಗೆ ಎಪ್ಪತ್ನಾಲ್ಕು, ಒಬ್ಬರೇ, ಕನ್ನಡ ಬಿಟ್ಟರೆ ಬೇರೆ ಮಾತು ಬಾರದು. ಎರಡನೆಯ ನಿಲ್ದಾಣದಲ್ಲಿ (ಹೆಸರು ಬೇಡ) ಗೇಟು ಬದಲಾಯಿತು. ಧ್ವನಿವರ್ಧಕದಲ್ಲಿ ಹೇಳಿದ್ದು ಅವರಿಗೆ ತಿಳಿಯಲಿಲ್ಲ. ಚೀಟಿಯಲ್ಲಿದ್ದ ಗೇಟಿನ ಮುಂದೆಯೇ ಕುಳಿತಿದ್ದರು. ವಿಮಾನ ಬೇರೆ ಕಡೆಯಿಂದ ಹೊರಟುಹೋಯಿತು. ಕೈಯಲ್ಲಿ ಮೊಬೈಲ್ ಇತ್ತು, ಆದರೆ ಅಲ್ಲಿನ ವೈ-ಫೈ ಸಿಗಬೇಕಾದರೆ ಫೋನಿಗೆ ಬರುವ ಸಂಖ್ಯೆ ಒತ್ತಬೇಕು, ಭಾರತದ ಸಿಮ್ಮಿಗೆ ಆ ಸಂಖ್ಯೆ ಬರಲೇ ಇಲ್ಲ. ಹನ್ನೊಂದು ಗಂಟೆ ಕಾಲ ಇಲ್ಲಿ ಮಗನಿಗೆ ತಾಯಿ ಎಲ್ಲಿದ್ದಾರೆಂದೇ ಗೊತ್ತಿರಲಿಲ್ಲ. ಕೊನೆಗೆ ನೆಲ ಒರೆಸುತ್ತಿದ್ದ ಒಬ್ಬ ಮಲಯಾಳಿ ಹುಡುಗ ಅವರನ್ನು ಕೈಹಿಡಿದು ಕೌಂಟರಿಗೆ ಕರೆದೊಯ್ದ. ಡಲಸ್‌ನಲ್ಲಿ ಇಳಿದಾಗ ಆ ತಾಯಿ ಮಗನಿಗೆ ಹೇಳಿದ್ದು ಒಂದೇ ಮಾತು: "ಇನ್ನು ನೀವೇ ಬನ್ನಿ ಕಣಪ್ಪ." ಆರು ತಿಂಗಳು ಇದ್ದು ಹೋದವರು ಮತ್ತೆ ಬರಲಿಲ್ಲ. ಉಳಿದ ಇನ್ನೂರು ಡಾಲರಿನಲ್ಲಿ ಏನು ಕೊಂಡೆವೋ ನೆನಪಿಲ್ಲ ಎಂದು ಮಗ ಹೇಳುತ್ತಾರೆ.

ಗಾಲಿಕುರ್ಚಿ ಹೇಳಿಬಿಟ್ಟರೆ ಆಯಿತಲ್ಲ ಎನ್ನುವವರಿದ್ದಾರೆ. ನಾವೂ ಹಾಗೇ ಅಂದುಕೊಂಡಿದ್ದೆವು. ನಡೆಯಲಾಗದವರಿಗೆ ಖಂಡಿತ ಬೇಕು. ಟಿಕೆಟ್ ತೆಗೆಯುವಾಗಲೇ ಕೇಳಿಕೊಳ್ಳಬೇಕು, ಸಂಕೋಚ ಕೂಡದು. ಆದರೆ ದಿನಾ ಬೆಳಿಗ್ಗೆ ಲಾಲ್‌ಬಾಗ್ ಎರಡು ಸುತ್ತು ಹಾಕುವ ಹಿರಿಯರನ್ನು ಇಂಗ್ಲಿಷ್ ಬಾರದೆಂಬ ಒಂದೇ ಕಾರಣಕ್ಕೆ ಕುರ್ಚಿಯಲ್ಲಿ ಕೂರಿಸುವುದು ನಮಗೆ ಸರಿಕಾಣುವುದಿಲ್ಲ. ಒಂದು, ಅವರಿಗೇ ಅದು ಅವಮಾನ, ಎಷ್ಟೋ ಜನ "ನನ್ನ ಕಾಲಿಗೇನಾಗಿದೆ?" ಎಂದು ಎದ್ದು ನಡೆದೇಬಿಡುತ್ತಾರೆ. ಎರಡು, ನಿಜವಾಗಿ ಕಾಲಿಲ್ಲದವರು ಸಾಲಿನಲ್ಲಿ ಕಾಯಬೇಕಾಗುತ್ತದೆ. ಕೊರತೆ ಇರುವುದು ಕಾಲಿನಲ್ಲಲ್ಲ, ಭಾಷೆಯಲ್ಲಿ. ಭಾಷೆಯ ಕೊರತೆಯನ್ನು ತುಂಬುವುದು ಭಾಷಾ ತರಗತಿಯ ಕೆಲಸವಲ್ಲವೇ?

ಆದ್ದರಿಂದ ಮಕ್ಕಳ ಕೈಯಲ್ಲಿ ಚೀಟಿ ಮಾಡಿಸಿದೆವು. ಅಂಗೈ ಅಗಲದ ದಪ್ಪ ಕಾಗದ. ಒಂದು ಬದಿ ಕನ್ನಡ, ಓದುವುದು ಅಜ್ಜಿ. ಇನ್ನೊಂದು ಬದಿ ಇಂಗ್ಲಿಷ್, ಓದುವುದು ದಾರಿಯಲ್ಲಿ ಸಿಕ್ಕವರು. ಇಂಗ್ಲಿಷ್ ಬದಿಯಲ್ಲಿ, "ನನಗೆ ಕನ್ನಡ ಮಾತ್ರ ಬರುತ್ತದೆ, ಈ ವಿಮಾನದ ಗೇಟಿಗೆ ದಾರಿ ತೋರಿಸಿ, ತೊಂದರೆಯಾದರೆ ಈ ನಂಬರಿಗೆ ಫೋನ್ ಮಾಡಿ" ಎಂಬಷ್ಟು. ವಿಮಾನದ ಸಂಖ್ಯೆ, ಇಲ್ಲಿನ ವಿಳಾಸ, ತೆಗೆದುಕೊಳ್ಳುವ ಮಾತ್ರೆಗಳ ಹೆಸರು. ಕನ್ನಡ ಬದಿಯಲ್ಲಿ ಮಾಡಬೇಕಾದ ಕೆಲಸಗಳು ಒಂದರ ಕೆಳಗೊಂದು.

ಇದನ್ನು ಬರೆಯುವಾಗ ಕನ್ನಡ ಶಿಕ್ಷಕರಾದ ನಾವು ಕಲಿತದ್ದೇ ಹೆಚ್ಚು. ಮೊದಲ ಕರಡಿನಲ್ಲಿ ಗಂಭೀರವಾಗಿ 'ನಿರ್ಗಮನ ದ್ವಾರ' ಎಂದು ಬರೆಸಿದ್ದೆವು. ಶಿವ-ವಿಷ್ಣು ದೇವಸ್ಥಾನದಲ್ಲಿ ಸಿಕ್ಕ ಒಬ್ಬ ಅಜ್ಜಿಗೆ ತೋರಿಸಿದರೆ, "ಇದೇನಮ್ಮ, ಗೇಟು ಅಂತ ಬರೆಯೋಕೆ ಬರಲ್ವಾ?" ಎಂದರು. ಎಲ್ಲರ ಮುಂದೆ! ಆ ದಿನವೇ ನಿರ್ಗಮನ ಹೋಗಿ ಗೇಟು ಬಂತು, 'ಸಾಮಾನು ಸರಂಜಾಮು' ಹೋಗಿ 'ಪೆಟ್ಟಿಗೆ' ಬಂತು. ಗೇಟಿನ ಅಕ್ಷರವನ್ನು ಮಾತ್ರ ಇಂಗ್ಲಿಷಿನಲ್ಲೇ ದೊಡ್ಡದಾಗಿ ಬರೆಯಬೇಕು, ಏಕೆಂದರೆ ಅಲ್ಲಿನ ಫಲಕದಲ್ಲಿರುವ ಆಕಾರಕ್ಕೆ ಚೀಟಿಯ ಆಕಾರ ಹೋಲಿಸಿ ನೋಡುತ್ತಾರೆ. ಅದರ ಕೆಳಗೆ ಒಂದು ಸಾಲು: "ಗೇಟು ಬದಲಾಗಬಹುದು. ಒಂದು ಗಂಟೆ ಮುಂಚೆ ಯಾರನ್ನಾದರೂ ಈ ಚೀಟಿ ತೋರಿಸಿ ಕೇಳಿ." ಈ ಸಾಲು ಬರೆದವಳು "ಐದು ಸಿನಿಮಾ" ಹುಡುಗಿ. ಹಳೆಗನ್ನಡದ ಪದ್ಯ ಬಾಯಿಪಾಠ ಮಾಡಿದ್ದಕ್ಕಿಂತ ಈ ಸಾಲು ಬರೆದದ್ದಕ್ಕೆ ಅವಳ ಬಗ್ಗೆ ನಮಗೆ ಹೆಮ್ಮೆ.

ಇನ್ನು ನಾವು ಹೋಗುವ ವಿಚಾರ. ವಿಮಾನ ದಾಟಿಸಲಾರದ ಒಂದು ದೂರವಿದೆ, ಅದು ಕ್ಯಾಲೆಂಡರಿನದು. ಕರ್ನಾಟಕದ ಶಾಲೆಗಳಿಗೆ ಬೇಸಿಗೆ ರಜೆ ಏಪ್ರಿಲ್, ಮೇ. ಇಲ್ಲಿ ಮೇರಿಲ್ಯಾಂಡಿನಲ್ಲಿ ಬಾಗಿಲು ಮುಚ್ಚುವುದು ಜೂನ್ ಮಧ್ಯದಲ್ಲಿ, ಅಷ್ಟರಲ್ಲಿ ಅಲ್ಲಿ ಮಳೆ, ಹೊಸ ಪುಸ್ತಕ, ಹೊಸ ತರಗತಿ. ಅವರಿಗೆ ದಸರಾ ರಜೆ, ನಮಗೆ ಕ್ರಿಸ್‌ಮಸ್ ರಜೆ. ಹಾಗಾಗಿ ನಮ್ಮ ಮಕ್ಕಳು ಊರಿಗೆ ಹೋದಾಗ ಚಿಕ್ಕಪ್ಪ, ಅತ್ತೆಯರ ಮಕ್ಕಳು ಶಾಲೆಯಲ್ಲಿರುತ್ತಾರೆ. ಬಹಳ ಮಂದಿ ಪೋಷಕರು ಇದನ್ನೇ ನೆಪ ಮಾಡಿ ಡಿಸೆಂಬರಿನಲ್ಲಿ ಹತ್ತು ದಿನ ಹೋಗಿಬರುತ್ತಾರೆ. ನಮಗಿದು ಒಪ್ಪಿಗೆಯಿಲ್ಲ. ಚಳಿಗಾಲದಲ್ಲಿ ಬೆಂಗಳೂರು ಇಲ್ಲಿಗಿಂತ ಹತ್ತೂವರೆ ಗಂಟೆ ಮುಂದಿದೆ, ಬೇಸಿಗೆಯಲ್ಲಿ ಒಂಬತ್ತೂವರೆ. ದೇಹ ದಿನಕ್ಕೆ ಒಂದು ಗಂಟೆಯಷ್ಟು ಹೊಂದಿಕೊಳ್ಳುತ್ತದೆ ಎಂದಿಟ್ಟುಕೊಂಡರೂ ಮಗು ಸರಿಯಾಗಿ ನಿದ್ದೆ ಮಾಡುವ ಹೊತ್ತಿಗೆ ಹತ್ತು ದಿನ ಮುಗಿದಿರುತ್ತದೆ! ಬೆಳಗಿನ ಜಾವ ಎರಡಕ್ಕೆ ಎದ್ದು ಕೂತ ಮೊಮ್ಮಗ, ಮಧ್ಯಾಹ್ನ ಊಟದ ತಟ್ಟೆಯ ಮುಂದೆ ತೂಕಡಿಸುವ ಮೊಮ್ಮಗ, ಅಜ್ಜಿ ಕಂಡದ್ದು ಇಷ್ಟೇ.

ವರ್ಷ ವರ್ಷ ಹತ್ತು ದಿನ ಹೋಗುವುದರ ಬದಲು ಮೂರು ವರ್ಷಕ್ಕೊಮ್ಮೆ ಆರು ವಾರ ಹೋಗಿ ಎಂಬುದು ನಮ್ಮ ಅಭಿಪ್ರಾಯ. ನಾಲ್ಕು ಜನರ ಟಿಕೆಟ್ಟಿನ ಬೆಲೆ, ಕೆಲಸದ ರಜೆ, ವೀಸಾ ಮುದ್ರೆಯ ಭಯ, ಇವೆಲ್ಲ ನಮಗೆ ತಿಳಿಯದ್ದಲ್ಲ. ತಂದೆ ತಾಯಿಯರಲ್ಲಿ ಒಬ್ಬರು ಮಕ್ಕಳೊಡನೆ ಮುಂದೆ ಹೋಗಿ, ಇನ್ನೊಬ್ಬರು ಕೊನೆಯ ಎರಡು ವಾರಕ್ಕೆ ಬಂದು ಸೇರಿಕೊಳ್ಳಬಹುದು. ಓರಗೆಯ ಮಕ್ಕಳು ಶಾಲೆಗೆ ಹೋಗಿರುತ್ತಾರೆ ಎಂಬುದು ನಷ್ಟವೂ ಅಲ್ಲ. ಬೆಳಿಗ್ಗೆಯಿಂದ ಸಂಜೆ ನಾಲ್ಕರವರೆಗೆ ಮನೆಯಲ್ಲಿ ಅಜ್ಜಿ, ಮೊಮ್ಮಗು ಇಬ್ಬರೇ. ಸೊಪ್ಪು ಬಿಡಿಸಬೇಕು, ಅಂಗಡಿಯಿಂದ ಹಾಲು ತರಬೇಕು, ಮಾತಾಡದೆ ವಿಧಿಯಿಲ್ಲ. ನಮ್ಮ ಒಂದು ವರ್ಷದ ಭಾನುವಾರದ ತರಗತಿಗಳು ಕಲಿಸಲಾರದ್ದನ್ನು ಆ ಆರು ವಾರ ಕಲಿಸಿ ಕಳುಹಿಸಿದ್ದನ್ನು ಕಣ್ಣಾರೆ ಕಂಡಿದ್ದೇವೆ.

ಒಂದು ವಿಷಯ ಬರೆಯಲು ಮನಸ್ಸು ಹಿಂಜರಿಯುತ್ತದೆ, ಆದರೂ ಬರೆಯಬೇಕು. ನಮ್ಮೆಲ್ಲರ ಮನೆಗೂ ಒಂದಲ್ಲ ಒಂದು ದಿನ ರಾತ್ರಿ ಎರಡು ಗಂಟೆಗೆ ಫೋನ್ ಬರುತ್ತದೆ. ನಮಗೂ ಬಂದಿತ್ತು. ಆ ದಿನ ಸಿಕ್ಕ ಟಿಕೆಟಿನಲ್ಲಿ ಮನೆಯಿಂದ ಮನೆಗೆ ನಲವತ್ತೊಂದು ಗಂಟೆ ಆಯಿತು. ಅಷ್ಟು ಹೊತ್ತು ಯಾರು ಕಾಯುತ್ತಾರೆ, ಕಾಯಲೂ ಬಾರದು. ನಾವು ಹೋಗಿ ಇಳಿದದ್ದು ಮೂರನೆಯ ದಿನದ ಹಾಲುತುಪ್ಪಕ್ಕೆ. ನಲವತ್ತೊಂದು ಗಂಟೆಯಲ್ಲಿ ಹಾರಿದ್ದು ಹದಿನೇಳೇ. ಉಳಿದದ್ದೆಲ್ಲ ಗಾಜಿನ ಗೋಡೆಗಳ ಪಕ್ಕ ಕೂತು ಕಾದದ್ದು. ಆ ಹೊತ್ತಿನಲ್ಲಿ ಮನಸ್ಸಿಗೆ ಬಂದದ್ದು ಕೊನೆಯ ಬಾರಿ ಹೋಗಿದ್ದಾಗ, "ಇನ್ನು ನಾಲ್ಕು ದಿನ ಇದ್ದು ಹೋಗಬಾರದಾ?" ಎಂದು ಕೇಳಿದ್ದು, ನಾವು ಮೀಟಿಂಗ್ ಇದೆ ಎಂದದ್ದು. ಯಾವ ಮೀಟಿಂಗ್ ಎಂಬುದು ಈಗ ನೆನಪಿಗೆ ಬರುತ್ತಿಲ್ಲ.

ಪಾಸ್‌ಪೋರ್ಟಿನ ಅವಧಿ, ಮಕ್ಕಳ ಓಸಿಐ ಕಾರ್ಡು, ಇವನ್ನು ಸದಾ ಸರಿಯಾಗಿಟ್ಟುಕೊಳ್ಳಿ ಎಂದು ಮಾತ್ರ ಇದರ ಜೊತೆಗೆ ಸೇರಿಸುತ್ತೇವೆ. ರಾತ್ರಿ ಎರಡು ಗಂಟೆಗೆ ಯಾವ ಕಚೇರಿಯೂ ತೆರೆದಿರುವುದಿಲ್ಲ.

ಚೀಟಿ ಮಾಡುವ ಕೆಲಸ ಈ ವರ್ಷವೂ ಇದೆ. ಬೇಸಿಗೆಯಲ್ಲಿ ಊರಿನಿಂದ ಹಿರಿಯರು ಬರುವವರಿದ್ದರೆ, ಅಥವಾ ಇಲ್ಲಿಂದ ಒಬ್ಬರೇ ಹೊರಟಿದ್ದರೆ, ಟಿಕೆಟಿನ ಪ್ರತಿಯನ್ನು ಮೇ ತಿಂಗಳ ಮೊದಲ ಭಾನುವಾರದೊಳಗೆ ಕನ್ನಡ ತರಗತಿಗೆ ತಂದುಕೊಡಿ. ತೆಲುಗು, ತಮಿಳು, ಹಿಂದಿ ತರಗತಿಯ ಶಿಕ್ಷಕರೂ ತಮ್ಮ ಮಕ್ಕಳಿಂದ ಮಾಡಿಸಲು ಒಪ್ಪಿದ್ದಾರೆ. ಕನ್ನಡದ ಚೀಟಿಗಳನ್ನು ಈ ಬಾರಿ ದಪ್ಪ ಅಕ್ಷರದಲ್ಲಿ ಬರೆಯುವ ಹೊಣೆಯನ್ನು "ತುಂಬಾ, ಅದಕ್ಕೇ ನಾವು ಹೋಗಲ್ಲ" ಎಂದು ಬರೆದಿದ್ದ ಹುಡುಗ ವಹಿಸಿಕೊಂಡಿದ್ದಾನೆ. ಅವನ ಅಕ್ಷರ ದುಂಡಗಿದೆ, 'ಳ'ಕಾರ ಒಂದನ್ನು ಬಿಟ್ಟು.